ಸಂಡಿಗೆಯ ಮೇಲೆ ಕಳ್ಳನ ಹೆಜ್ಜೆ

ಡೊಂಬಿವಲಿ ಪೂರ್ವ
೩೧ ಮೇ ೨೦೧೩, ಶುಕ್ರವಾರ

ಬಿಲ್ಡಿಂಗಿನವರ ಲೆಕ್ಕದಲ್ಲಿ ಮಸ್ಕತ್‌ನಲ್ಲಿ ಹೋಟೆಲು ನಡೆಸುತ್ತಿರುವ, ನಿಜದಲ್ಲಿ ಕೋಪರಖೈರಣೆಯಲ್ಲಿ ಇಡ್ಲಿ ಬೇಯಿಸುತ್ತಿರುವ ನನ್ನ ಯಜಮಾನರು ಹಯಗ್ರೀವರಿಗೆ ಪ್ರಭಾಳ ನಮಸ್ಕಾರ.

ತಲೆ ಹೇಗಿದೆ? ಮೊದಲು ಅದನ್ನು ಹೇಳಿ. ಧನುರ್ವಾತದ ಇಂಜೆಕ್ಷನ್ ತೆಗೆದುಕೊಂಡಿರಾ ಇಲ್ಲವಾ? ಸೂಜಿ ಕಂಡರೆ ನಿಮಗೆ ಆಗುವುದಿಲ್ಲ ಎಂದು ನನಗೆ ಗೊತ್ತು. ಅರಸಿನ ಮೆತ್ತಿಕೊಂಡು ಕೂತಿದ್ದರೆ ಈಗಲೇ ಎದ್ದು ಡಾಕ್ಟರ ಹತ್ತಿರ ಹೋಗಿ. ಹಿತ್ತಾಳೆಯ ಚಕ್ಕುಲಿ ಒರಳು ಅದು, ನಿಮ್ಮ ಅಮ್ಮ ಕೊಟ್ಟದ್ದು. ಅದರ ಭಾರ ನನ್ನ ಕೈಗೇ ಇನ್ನೂ ನೆನಪಿದೆ, ನಿಮ್ಮ ತಲೆಗೆ ಎಷ್ಟು ನೆನಪಿರಬಹುದು!

ಫೋನ್ ಮಾಡಬಹುದಿತ್ತು. ಮಾಡಿದರೆ ಎಂತ ಆಗುತ್ತದೆ? ನಾನು ಒಂದು ಹೇಳುತ್ತೇನೆ, ನೀವು ಎರಡು ಹೇಳುತ್ತೀರಿ, ಮೂರನೆಯ ಮಾತಿಗೆ ಇಬ್ಬರಲ್ಲೊಬ್ಬರು ಫೋನ್ ಇಡುತ್ತೇವೆ. ಆರು ವರ್ಷ ಹಾಗೆಯೇ ಹೋಯಿತಲ್ಲ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಬೆಳಗಿನ ತಿಂಡಿಯ ಗಲಾಟೆ ಕಳೆದ ಮೇಲೆ, ಊಟದ ಸಾಂಬಾರು ಇಡುವ ಮೊದಲು, ಒಂದು ಕಡೆ ಕೂತು ಓದಿ. ನೀವು ಓಡಿಹೋದ ಮೇಲೆ ಇಲ್ಲಿ ಏನೇನಾಯಿತು ಎಂದು ನಿಮಗೆ ಗೊತ್ತಿಲ್ಲ. ಗೊತ್ತಾಗಲೇಬೇಕು. ಒಬ್ಬ ಬಡವನ ಅನ್ನದ ಪ್ರಶ್ನೆ ಉಂಟು.

ಮೊದಲು ನನ್ನ ಕಡೆಯಿಂದ ಹೋದ ವಾರದ ಆ ಗುರುವಾರ ಹೇಗಿತ್ತು ಎಂದು ಹೇಳುತ್ತೇನೆ. ನಮ್ಮ ಮಗಳು ಅಕ್ಷಯಾ ಘೋಡಬಂದರ್ ರಸ್ತೆಯ ಆಫೀಸಿಗೆ ಹೋಗುವಾಗ ಮಗು ಓವಿಯನ್ನು ನನ್ನ ಹತ್ತಿರ ಬಿಟ್ಟುಹೋಗುತ್ತಾಳೆ. ಮಗು ಮಧ್ಯಾಹ್ನ ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗುತ್ತದೆ, ಆ ಹೊತ್ತಿಗೆ ನಾನು ಸಂಡಿಗೆ ಮಗುಚಿಹಾಕಲು ಟೆರೇಸಿಗೆ ಹೋಗುತ್ತೇನೆ. ಇದೆಲ್ಲ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ, ಆದರೆ ಗೊತ್ತಿಲ್ಲದೆ ನೀವು ಸರಿಯಾಗಿ ಆ ಹೊತ್ತನ್ನೇ ಹಿಡಿದು ಬಂದಿರಲಿಕ್ಕಿಲ್ಲ. ನಮ್ಮದು ಕೊನೆಯ ಮಾಳಿಗೆ, ಟೆರೇಸಿಗೆ ಹೋಗುವುದೆಂದರೆ ಹಿತ್ತಿಲಿಗೆ ಹೋಗಿ ಬಂದ ಹಾಗೆ ಎಂದುಕೊಂಡು ನಾನು ಬಾಗಿಲು ಎಳೆದು ಹೋಗುತ್ತಿದ್ದೆ. ಎರಡನೆಯ ಮಾಳಿಗೆಯ ಸುಗುಣಾ ಅದೇ ಹೊತ್ತಿಗೆ ಬಟ್ಟೆ ತೆಗೆಯಲು ಬರುತ್ತಾಳೆ, ನೀರಿನ ಟ್ಯಾಂಕಿಯ ನೆರಳಿನಲ್ಲಿ ನಿಂತು ಇಬ್ಬರೂ ಸ್ವಲ್ಪ ಹೊತ್ತು ಮಾತಾಡುತ್ತೇವೆ. ಅಂದು ಅವಳು ಬರಲಿಲ್ಲ, ಅವಳ ಗಂಡ ರಜೆ ಹಾಕಿ ಮನೆಯಲ್ಲಿದ್ದ. ಹಾಗಾಗಿ ಬೆಳಿಗ್ಗೆ ಮೇಲೆ ಮರೆತು ಬಂದಿದ್ದ ಒರಳನ್ನು ಎತ್ತಿಕೊಂಡು ನಾನು ಬೇಗ ಇಳಿದೆ.

ಬಾಗಿಲು ತೆಗೆದು ನೋಡಿದರೆ ಹಾಲ್‌ನಲ್ಲಿ ಒಬ್ಬ ಗಂಡಸು. ಪಟ್ಟೆ ಪಟ್ಟೆಯ ಚಡ್ಡಿ, ಬನಿಯನು, ತಲೆಗೆ ಸುತ್ತಿದ ಒದ್ದೆ ಟವೆಲು. ನನಗೆ ಬೆನ್ನು ಹಾಕಿ ಮಗುವಿನ ಮೇಲೆ ಬಗ್ಗಿದ್ದಾನೆ. ಕೈ ಮಗುವಿನ ಕುತ್ತಿಗೆಯಲ್ಲಿ, ಬೆರಳು ಚಿನ್ನದ ಸರದ ಒಳಗೆ.

ಹೇಳಿ ಮಾರಾಯ್ರೆ, ನಾನು ಎಂತ ತಿಳಿದುಕೊಳ್ಳಬೇಕಿತ್ತು? ತಿಂಗಳಿಡೀ ಇಲ್ಲಿ ಚಡ್ಡಿ-ಬನಿಯನ್ ಗ್ಯಾಂಗಿನದೇ ಸುದ್ದಿ. ಯಾವುದೋ ಸೊಸೈಟಿಗೆ ನುಗ್ಗಿದರಂತೆ, ಮೈಗೆ ಎಣ್ಣೆ ಹಚ್ಚಿಕೊಂಡು ಬರುತ್ತಾರಂತೆ, ಎಚ್ಚರ ಇರಿ ಎಂದು ನಮ್ಮ ಸೊಸೈಟಿಯ ಸೆಕ್ರೆಟರಿ ಲೀಲಾಧರ ನೋಟೀಸ್ ಬೋರ್ಡಿನಲ್ಲಿ ಕೆಂಪು ಅಕ್ಷರದಲ್ಲಿ ಬರೆಸಿದ್ದ. ಲೋಕಲ್ ಟ್ರೇನಿನಲ್ಲಿ ಹತ್ತಾರು ಜನರ ಬೆವರು ಮೆತ್ತಿಕೊಂಡ ಬಟ್ಟೆಯಲ್ಲಿ ಎಳೆ ಮಗುವನ್ನು ಮುಟ್ಟಬಾರದು ಎಂದು ನೀವು ಪ್ಯಾಂಟು ಅಂಗಿ ಬಚ್ಚಲಿನಲ್ಲಿ ಬಿಚ್ಚಿಟ್ಟು, ಕೈಕಾಲು ತೊಳೆದು ಬಂದಿದ್ದೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಅಕ್ಷಯಾ ಸಣ್ಣವಳಿದ್ದಾಗಲೂ ಹೋಟೆಲಿನಿಂದ ಬಂದವರು ಹಾಗೆಯೇ ಮಾಡುತ್ತಿದ್ದಿರಿ, ನನಗೆ ಆಮೇಲೆ ನೆನಪಾಯಿತು. ನಿಮ್ಮ ಮಡಿ ನಿಮಗೆ ಕಳ್ಳನ ವೇಷ ಹಾಕಿಸಿತು. ಇಡೀ ಮುಂಬಯಿಯಲ್ಲಿ ಬೇರೆ ಯಾವ ಕಳ್ಳನೂ ಕಾಲು ತೊಳೆದುಕೊಂಡು ಕಳ್ಳತನಕ್ಕೆ ಕೂತಿರಲಿಕ್ಕಿಲ್ಲ.

ಹೊಡೆದೆ. ಕಿರುಚಿದ್ದು ಮೊದಲೋ ಹೊಡೆದದ್ದು ಮೊದಲೋ ಗೊತ್ತಿಲ್ಲ. ನೀವು ಕುಸಿದು ಕೂತು ತಿರುಗಿ, "ಪ್ರಭಾ, ನಾನು" ಅಂದಿರಿ. ಎಷ್ಟು ತೆಳ್ಳಗಾಗಿದ್ದೀರಿ! ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೀರಿ. ಅಷ್ಟರಲ್ಲಿ ಕೆಳಗಿನಿಂದ ಕಾಲಿನ ಸದ್ದು. ಲೀಲಾಧರ ಕ್ರಿಕೆಟ್ ಬ್ಯಾಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದ, ಹಿಂದೆ ಇಡೀ ಬಿಲ್ಡಿಂಗಿನ ಗಂಡಸರು. ಅವರ ಕೈಗೆ ಸಿಕ್ಕಿದ್ದರೆ ಮುಖ ನೋಡುವ ಮೊದಲೇ ನಿಮ್ಮ ಮೂಳೆ ಮುರಿಯುತ್ತಿದ್ದರು. ಅದಕ್ಕೇ ನಿಮ್ಮನ್ನು ಟೆರೇಸಿಗೆ ತಳ್ಳಿದೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಂದು ಕಾರಣವೂ ಉಂಟು. ಮಸ್ಕತ್‌ನಲ್ಲಿರಬೇಕಾದ ಗಂಡ ಚಡ್ಡಿಯಲ್ಲಿ ನನ್ನ ಹಾಲ್‌ನಲ್ಲಿ ರಕ್ತ ಸುರಿಸಿಕೊಂಡು ಕೂತಿದ್ದಾನೆ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನೀವು ಸೂಟ್‌ಕೇಸು ಹಿಡಿದು ಇಳಿಯುವಾಗ ಎಲ್ಲಿಗೆ ಎಂದು ಕೇಳಿದ ಲೀಲಾಧರನಿಗೆ ಮಸ್ಕತ್ ಅಂದಿರಂತೆ. ಆ ಸುಳ್ಳನ್ನು ನಾನು ಆರು ವರ್ಷ ಅನ್ನ ಹಾಕಿ ಸಾಕಿದ್ದೇನೆ. ಖರ್ಜೂರ ಎಲ್ಲಿ ಎಂದು ಕೇಳಿದವರಿಗೆ ವಾಶಿಯ ಮಾರ್ಕೆಟಿನಿಂದ ತಂದು ಹಂಚಿದ್ದೇನೆ.

ನೀವು ಮೇಲೆ ಓಡಿದ ಮೇಲೆ ನಾನು ಮೆಟ್ಟಿಲಿಗೆ ಅಡ್ಡ ಕೂತು ಅತ್ತೆ. ಯಾರಿಗೂ ನನ್ನನ್ನು ದಾಟಿ ಹೋಗಲಾಗಲಿಲ್ಲ. ಅವರನ್ನು ತಡೆಯಲೆಂದೇ ಕೂತದ್ದು, ಆದರೆ ಅಳು ನಿಜದ್ದೇ. ಅವರು ಮೇಲೆ ಮುಟ್ಟುವಾಗ ನೀವು ಬಿ ವಿಂಗಿನ ಕಡೆ ದಾಟಿದ್ದಿರಿ, ನನ್ನ ಸಾಬುದಾನಿ ಸಂಡಿಗೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತುಳಿದುಕೊಂಡು. ಪೊಲೀಸರು ಬಂದು ಆ ಹೆಜ್ಜೆಗಳ ಫೋಟೋ ತೆಗೆದರು. ನಾನು ಸಂಡಿಗೆ ಹಾಕಿದ ಬಟ್ಟೆ ಮಡಚಲು ಹೋದರೆ ಹವಾಲ್ದಾರ, "ಕಾಕೂ, ಪುರಾವಾ ಆಹೇ, ಹಾತ್ ಲಾವೂ ನಕಾ" ಅಂದ, ಇದು ಸಾಕ್ಷಿ, ಮುಟ್ಟಬೇಡಿ ಎಂದು ತಡೆದ. ಥಾಣೆಯ ಮದುವೆ ಮನೆಯ ಆರ್ಡರು, ನಿಮ್ಮ ಪಾದದಡಿಯಲ್ಲಿ ಸಾಕ್ಷಿಯಾಗಿ ಒಣಗಿತು. ನಿಮ್ಮ ಪ್ಯಾಂಟು ಅಂಗಿಯನ್ನು ಅವರು ಬಚ್ಚಲಿಗೆ ಇಣುಕುವ ಮೊದಲೇ ನನ್ನ ಸೀರೆಗಳ ಜೊತೆ ವಾಷಿಂಗ್ ಮೆಷಿನಿಗೆ ಹಾಕಿದ್ದೆ.

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ಬೀಗ ಒಡೆದಿರಲಿಲ್ಲವಲ್ಲ, ನಿಮ್ಮ ಹತ್ತಿರ ಹಳೆಯ ಕೀಲಿ ಇತ್ತು. "ಕುಲೂಪ ತರ್ ತುಟಲಂಚ್ ನಾಹೀ" ಎಂದು ಪೊಲೀಸರು ಅವತ್ತೇ ಹೇಳಿದರು. ಬೀಗ ಒಡೆಯದೆ ಕಳ್ಳ ಬಂದ ಅಂದರೆ ಒಳಗಿನವರೇ ಯಾರೋ ಕೀಲಿ ಕೊಟ್ಟಿರಬೇಕು. ಕೊಟ್ಟವರು ಯಾರು? ಮತ್ತೆ ಯಾರು, ವಾಚ್‌ಮನ್ ಗಾಯಕವಾಡ ಮಾಮಾ. ಎರಡು ಸಲ ಸ್ಟೇಷನ್ನಿಗೆ ಕರೆಸಿ ಬೆಳಗಿನಿಂದ ಸಂಜೆವರೆಗೆ ಕೂರಿಸಿದರು. ಮನುಷ್ಯ ಬಂದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವನು ಚಹಾ ಕೂಡ ಕುಡಿಯುವುದಿಲ್ಲ. ಅವನ ಹೆಂಡತಿ ನನಗೆ ಸಂಡಿಗೆ ಹಿಟ್ಟು ಮಗುಚಲು ಬರುತ್ತಾಳೆ. ನಿನ್ನೆ ಸೌಟು ಹಿಡಿದುಕೊಂಡೇ, "ಬಾಯೀ, ತುಮ್ಹೀ ತರೀ ಸಾಂಗಾ, ಮಾಝಾ ಮಾಣೂಸ್ ಚೋರ್ ಆಹೇ ಕಾ?" ನೀವಾದರೂ ಹೇಳಿ, ನನ್ನ ಗಂಡ ಕಳ್ಳನಾ ಎಂದು ಕೇಳಿದಳು. ನಾನು ಒಲೆಯ ಕಡೆ ತಿರುಗಿದೆ. ಜೂನ್ ಒಂಬತ್ತನೆಯ ತಾರೀಕು ಭಾನುವಾರ ಸೊಸೈಟಿಯ ಮೀಟಿಂಗು. ಅಂದು ಮಾಮಾನನ್ನು ತೆಗೆದು ಏಜೆನ್ಸಿಯವರನ್ನು ಇಡುವುದು ಎಂದು ಆಗಲೇ ತೀರ್ಮಾನ ಮಾಡಿಕೊಂಡಿದ್ದಾರೆ.

ಅದೇ ಮೀಟಿಂಗಿನಲ್ಲಿ ನನಗೆ ಸನ್ಮಾನ. ನಗಬೇಡಿ. ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಉಂಟು. ನನ್ನ ಹೆಸರಿನಲ್ಲಿ ಸರಕಾರಕ್ಕೆ ಒಂದು ಮನವಿಯೂ ಹೋಗುತ್ತದೆ, ಮೊದಲ ಸಹಿ ನನ್ನದೇ ಆಗಬೇಕಂತೆ. ಈ ವರ್ಷ ದಿಲ್ಲಿಯಲ್ಲಿ ಅತ್ಯಾಚಾರದ ಕಾನೂನು ಬದಲಾಯಿತಲ್ಲ, ಜನ ಕೂಗಿದರೆ ಸರಕಾರ ಕೇಳುತ್ತದೆ ಎಂದು ಲೀಲಾಧರನಿಗೆ ಎಲ್ಲಿಲ್ಲದ ಹುರುಪು. ಕಲ್ಯಾಣ ಕೋರ್ಟಿನ ಕಮಲಾಕ್ಷ ವಕೀಲರನ್ನು ಕರೆಸಿ ಮನವಿಯ ಕರಡು ಓದಿಸಿದ. ನಮ್ಮ ಹಾಲ್‌ನಲ್ಲೇ ಓದಿದ್ದು, ಆ ಚಾಪೆಯ ಮೇಲೆಯೇ ಕೂತು.

ವಕೀಲರು ಒಳ್ಳೆಯವರು, ನಿಧಾನವಾಗಿ ಬಿಡಿಸಿ ಹೇಳಿದರು. ಈಗಿನ ಕಾನೂನಿನಲ್ಲೂ ಮನೆಗೆ ನುಗ್ಗಿದವನನ್ನು ಹೊಡೆಯುವ ಹಕ್ಕು ನಮಗೆ ಉಂಟಂತೆ. ರಾತ್ರಿ ಮನೆ ಒಡೆದು ಬಂದವನಾದರೆ ಅವನ ಜೀವ ಹೋದರೂ ಕ್ಷಮೆ ಉಂಟಂತೆ. ಹಗಲಿನಲ್ಲಾದರೆ, ಜೀವಕ್ಕೋ ಕೈಕಾಲಿಗೋ ಅಪಾಯ ಎಂದು ನಾವು ನಿಜವಾಗಿ ಹೆದರಿರಬೇಕು. ಎಷ್ಟು ಬೇಕೋ ಅಷ್ಟೇ ಹೊಡೆಯಬೇಕು, ಅಪಾಯ ಮುಗಿದ ಕೂಡಲೇ ಹಕ್ಕೂ ಮುಗಿಯಿತು. ಹೀಗೆಯೇ ಆಯಿತು ಎಂದು ಕೋರ್ಟಿನಲ್ಲಿ ನಾವೇ ತೋರಿಸಿಕೊಡಬೇಕು. ಅದೇ ಬೇಡ ಎನ್ನುವುದು ಲೀಲಾಧರನ ಮನವಿ. ಕರೆಯದೆ ಮನೆಯೊಳಗೆ ಬಂದವನಿಗೆ ಮನೆಯವರು ಏನೇ ಮಾಡಲಿ, ಹಗಲಾಗಲಿ ರಾತ್ರಿಯಾಗಲಿ, ಜೀವವೇ ಹೋಗಲಿ, ಕೇಸಿಲ್ಲ, ಅರೆಸ್ಟಿಲ್ಲ, ಒಂದು ಪ್ರಶ್ನೆಯೂ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. "ಪ್ರಭಾಮಾಮಿ ಇನ್ನು ಎರಡು ಇಂಚು ಕೆಳಗೆ ಕೊಟ್ಟಿದ್ದರೆ ಅವನ ಕಥೆ ಅಲ್ಲೇ ಖತಮ್" ಎಂದು ಯಾರೋ ಹೇಳಿದರು, ಮತ್ತೆ ಚಪ್ಪಾಳೆ.

ನಾನು ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಎರಡು ಇಂಚು ಕೆಳಗೆ ಬಿದ್ದಿದ್ದರೆ ನೀವು ಆ ಚಾಪೆಯ ಮೇಲೆ ಸತ್ತುಬಿದ್ದಿರುತ್ತಿದ್ದಿರಿ. ಇವರು ಹೇಳುವ ಕಾನೂನು ಇದ್ದಿದ್ದರೆ ಯಾರೂ ಏನೂ ಕೇಳುವಂತಿರಲಿಲ್ಲ. ನೀವು ಯಾರು, ಯಾಕೆ ಬಂದಿರಿ, ಸರದಲ್ಲಿ ನಿಮ್ಮ ಬೆರಳು ಯಾಕಿತ್ತು, ಒಂದೂ ಇಲ್ಲ. ನನಗೆ ಶಾಲು ಹೊದೆಸಿ ನಿಮ್ಮನ್ನು ಕಳ್ಳನೆಂದೇ ಸಾಗಿಸುತ್ತಿದ್ದರು. ನನಗೆ ಹಾಗಾಗುವುದು ಬೇಡ. ಒಂದು ಜೀವ ಹೋದ ಮನೆಗೆ ಯಾರಾದರೂ ಬಂದು ಏನಮ್ಮ ಆಯಿತು ಎಂದು ಕೇಳಲೇಬೇಕು. ಹೆದರಿ ಹೊಡೆದವಳನ್ನು ಲಾಕಪ್ಪಿಗೆ ಹಾಕಬೇಡಿ, ವರ್ಷಗಟ್ಟಲೆ ಕೋರ್ಟು ಅಲೆಸಬೇಡಿ, ಅದಕ್ಕೆ ನನ್ನದೂ ಸಹಿ ಉಂಟು. ಆದರೆ ಕೇಳುವುದನ್ನೇ ಬಿಡುವುದೆಂದರೆ ಹೇಗೆ?

ಚಪ್ಪಾಳೆ ನಿಂತು ನಾನು ಹಾಲ್‌ಗೆ ಬಂದ ಮೇಲೆ ಸುಗುಣಾ ಒಂದು ಮಾತು ಕೇಳಿದಳು. ಅವಳು ಯಾವತ್ತೂ ನಾಲ್ಕು ಜನರ ನಡುವೆ ಬಾಯಿ ಬಿಡುವವಳಲ್ಲ. "ಹೊಡೆಯುವವನ ಹತ್ತಿರ ಮನೆಯ ಕೀಲಿ ಇದ್ದರೆ?" ಎಂದು ಕೇಳಿದಳು. ಲೀಲಾಧರ ನಕ್ಕುಬಿಟ್ಟ, ಅದು ಗಂಡ ಹೆಂಡಿರ ವಿಷಯ, ಅದಕ್ಕೆ ಬೇರೆ ಕಾನೂನು ಉಂಟು ಅಂದ. ವಕೀಲರು ನಗಲಿಲ್ಲ, ಆದರೆ ಬರೆದುಕೊಳ್ಳಲೂ ಇಲ್ಲ. ಅವಳ ಮೊಣಕೈ ಮೇಲೆ ಏಟಿನ ಗುರುತು ಹಸಿರುಗಟ್ಟಿದ್ದನ್ನು ನಾನು ಒಬ್ಬಳೇ ನೋಡಿದ್ದು. ಕಾನೂನು ಬದಲಿಸುವ ಉಮೇದು ಇದ್ದವರು ಅದನ್ನು ಬದಲಿಸಲಿ ಮಾರಾಯ್ರೆ. ಅವಳು ಒಂದು ದಿನ ತಿರುಗಿಸಿ ಹೊಡೆದರೆ ಅವಳಿಗೆ ಶಾಲು ಹೊದೆಸುವವರು ಯಾರು? ಭಾನುವಾರ ಇದನ್ನೂ ಕೇಳುವವಳಿದ್ದೇನೆ.

ಈಗ ನಾನು ಬರೆಯಬಾರದೆಂದುಕೊಂಡಿದ್ದ ಮಾತು. ಅಪಾಯ ಮುಗಿದ ಕೂಡಲೇ ಹಕ್ಕೂ ಮುಗಿಯುತ್ತದೆ ಎಂದು ವಕೀಲರು ಹೇಳುವಾಗ ನನಗೆ ನನ್ನ ಎರಡನೆಯ ಏಟು ನೆನಪಾಯಿತು. ನಿಮಗೆ ಎರಡು ಏಟು ಬಿದ್ದಿದೆ. ತಲೆಗೆ ಬಿದ್ದದ್ದು ಕಳ್ಳನಿಗೆ. ನೀವು ತಿರುಗಿ "ಪ್ರಭಾ, ನಾನು" ಅಂದ ಮೇಲೆ ಭುಜಕ್ಕೆ ಬಿತ್ತಲ್ಲ, ಅದು ನಿಮಗೆ. ಯಾರೆಂದು ಗೊತ್ತಾಗಿಯೇ ಹೊಡೆದೆ. ಅಕ್ಷಯಾ ಮ್ಹಾತ್ರೆಯವರ ಹೃಷೀಕೇಶನನ್ನು ಮದುವೆಯಾಗುತ್ತೇನೆ ಅಂದಾಗ, ಮೀನು ಬೇಯುವ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಎದ್ದು ಹೋದಿರಲ್ಲ, ಮಂಟಪದಲ್ಲಿ ನಿಮ್ಮ ಜಾಗದಲ್ಲಿ ನನ್ನ ಅಣ್ಣ ಕೂತು ಧಾರೆ ಎರೆದನಲ್ಲ, ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಒಬ್ಬಳೇ ಇದ್ದೆನಲ್ಲ, ಅದೆಲ್ಲ ಸೇರಿ ಬಿದ್ದ ಏಟು ಅದು. ಅದಕ್ಕೆ ಯಾವ ಕಾನೂನಿನಲ್ಲೂ ಹಕ್ಕಿಲ್ಲ. ತಪ್ಪಾಯಿತು. ಆದರೆ ಹೊಡೆದ ಮೇಲೆ ಸ್ವಲ್ಪ ಹಗುರ ಆಯಿತು ಎಂಬುದನ್ನೂ ಹೇಳುತ್ತೇನೆ, ಇಲ್ಲ ಎಂದರೆ ಸುಳ್ಳಾದೀತು.

ಭಾನುವಾರ ನಾನು ಎದ್ದು ನಿಂತು ಎಲ್ಲ ಹೇಳುವವಳು. ಬಂದವನು ಕಳ್ಳನಲ್ಲ, ನನ್ನ ಗಂಡ, ಮಸ್ಕತ್ ಎನ್ನುವುದು ಸುಳ್ಳು, ಮಾಮಾ ಯಾರಿಗೂ ಕೀಲಿ ಕೊಟ್ಟಿಲ್ಲ. ಮಾನ ಹೋದರೆ ಹೋಗಲಿ. ಆದರೆ ಒಬ್ಬಳೇ ಹೇಳಿದರೆ ನಂಬುತ್ತಾರಾ? ವಾಚ್‌ಮನ್ನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾಳೆ ಎಂದಾರು. ಪೊಲೀಸರಂತೂ ನಂಬುವುದೇ ಇಲ್ಲ. ನೀವು ಬರಬೇಕು. ಬಂದು ತಲೆಯ ಗಾಯ ತೋರಿಸಬೇಕು. ನಿಮ್ಮ ಮೇಲೆ ಬಲವಂತವಿಲ್ಲ, ಬರದಿದ್ದರೂ ನಾನು ಹೇಳುವವಳೇ. ಅಕ್ಷಯಾಳಿಗೆ ಇನ್ನೂ ಏನೂ ಗೊತ್ತಿಲ್ಲ. ಹೆದರಿ ಓವಿಯನ್ನು ಬೇಬಿ ಸಿಟ್ಟಿಂಗಿಗೆ ಹಾಕುತ್ತೇನೆ ಎನ್ನುತ್ತಿದ್ದಾಳೆ, ಮಗು ಇಲ್ಲದೆ ನಾನು ಹಗಲು ಹೇಗೆ ಕಳೆಯಲಿ? ಬೀಗ ಬದಲಿಸು ಎಂದೂ ಹಠ. ನಾನು ನಾಳೆ ನಾಳೆ ಎನ್ನುತ್ತಿದ್ದೇನೆ.

ಗಾಯಕ್ಕೆ ನೀರು ತಾಗಿಸಬೇಡಿ.

ಕೋಪ ಇನ್ನೂ ಪೂರ್ತಿ ಇಳಿಯದ,
ಪ್ರಭಾ

ಮರೆತದ್ದು: ನಿಮ್ಮ ಪ್ಯಾಂಟಿನ ಜೇಬಿನಲ್ಲಿ ಒಂದು ರಬ್ಬರ್ ಬಾತುಕೋಳಿ ಇತ್ತು. ನಾನು ನೋಡದೆ ಮೆಷಿನಿಗೆ ಹಾಕಿದೆ. ಈಗ ಒತ್ತಿದರೆ ಪೀಂ ಎನ್ನುವುದಿಲ್ಲ, ಬುಸ್ ಎನ್ನುತ್ತದೆ. ಓವಿ ಅದನ್ನು ಬಿಟ್ಟು ಮಲಗುವುದಿಲ್ಲ.

*

ಕೋಪರಖೈರಣೆ
೫ ಜೂನ್ ೨೦೧೩

ಪ್ರಭಾ,

ನಿನ್ನ ಕಾಗದ ಮುಟ್ಟಿತು. ಸಾಂಬಾರು ಇಡುವ ಮೊದಲು ಓದು ಎಂದು ಬರೆದಿದ್ದಿ, ಅದು ಒಳಗೆ ಉಂಟು, ಒಡೆಯದೆ ಗೊತ್ತಾಗುವುದು ಹೇಗೆ? ಇಟ್ಟ ಮೇಲೆ ಒಡೆದೆ. ಸಾಂಬಾರು ತಳ ಹಿಡಿಯಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಗಿರಾಕಿಗಳು ನನ್ನ ಸಾಂಬಾರನ್ನು ವಾಪಸು ಕಳಿಸಿದರು.

ತಲೆ ಪರವಾಗಿಲ್ಲ. ಇಲ್ಲಿಯ ಡಾಕ್ಟರು ಹೊಲಿಗೆ ಹಾಕಿದರು. ಹೇಗಾಯಿತು ಎಂದು ಕೇಳಿದರು, ಹಿಟ್ಟು ಚೆಲ್ಲಿದ ನೆಲದಲ್ಲಿ ಜಾರಿದೆ ಅಂದೆ, ನಂಬಿದ ಹಾಗೆ ಕಾಣಲಿಲ್ಲ. ಇಂಜೆಕ್ಷನ್ನೂ ಆಯಿತು. ನರ್ಸಿನ ಕೈ ಹಿಡಿದುಕೊಂಡಿದ್ದೆ, ಅದನ್ನು ಯಾರಿಗೂ ಹೇಳಬೇಡ.

ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ನನಗೆ ಯಾರು ಹೇಳಿದರು ಎಂದು ಕೇಳಿದ್ದಿ. ಹೃಷೀಕೇಶ. ಅವನ ಆಫೀಸು ಈಗ ಇಲ್ಲೇ ಹತ್ತಿರ ಬಂದಿದೆ. ಚಳಿಗಾಲದಿಂದ ನಮ್ಮ ಹೋಟೆಲಿಗೆ ಬರುತ್ತಿದ್ದ. ಇಡ್ಲಿ ತಿಂದು, ನನಗೆ ನಮಸ್ಕಾರ ಮಾಡಿ ಹೋಗುತ್ತಿದ್ದ. ಅಳಿಯ ಎಂದು ಅವನೂ ಹೇಳಲಿಲ್ಲ, ಗೊತ್ತಿದೆ ಎಂದು ನಾನೂ ಹೇಳಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಮಗುವಿನ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟು ಕೈ ತೊಳೆಯಲು ಹೋದ. ಬೇಕೆಂದೇ ನಿಧಾನ ಮಾಡಿದ. ಆಮೇಲೆ ದಿನವೂ ಹೊಸ ಹೊಸ ಫೋಟೋ. ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ಮಲಗುತ್ತಾಳೆ, ಅಜ್ಜಿ ಟೆರೇಸಿನಲ್ಲಿರುತ್ತಾರೆ ಎಂದು ತಾನಾಗಿ ಹೇಳಿದ. ಇಂಥ ಹುಡುಗನನ್ನು ನಾನು ಮೀನು ತಿನ್ನುವವನು ಎಂದು ದೂರ ಇಟ್ಟೆ. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗುವುದಿಲ್ಲ.

ಆ ಗುರುವಾರ ಮೊದಲ ಸಲವಲ್ಲ. ಅದೇ ತಿಂಗಳಲ್ಲಿ ಹಿಂದೆಯೂ ಬಂದು ನೋಡಿ ಹೋಗಿದ್ದೆ. ನಿನಗೆ ಹೇಳಬೇಕಿತ್ತು, ಬೆಲ್ ಒತ್ತಬೇಕಿತ್ತು. ಬಾಗಿಲು ತೆಗೆದು ನೀನು ಎಂತ ಹೇಳುತ್ತಿದ್ದಿ ಎಂದು ಹೆದರಿಕೆ. ಒಂದು ಮಾತು ಹೇಳಿಬಿಡುತ್ತೇನೆ, ನಾನು ಸರವನ್ನು ಎಳೆಯುತ್ತಿರಲಿಲ್ಲ. ಬೆವರಿಗೆ ಸರ ತಿರುಚಿ ಕುತ್ತಿಗೆಗೆ ಅಂಟಿಕೊಂಡಿತ್ತು, ಬೆರಳು ಹಾಕಿ ಬಿಡಿಸುತ್ತಿದ್ದೆ. ಸಣ್ಣ ಮಕ್ಕಳಿಗೆ ಮಲಗುವಾಗ ಸರ ಹಾಕಬಾರದು. ಅಕ್ಷಯಾಳಿಗೂ ಹಾಕಲು ಬಿಡುತ್ತಿರಲಿಲ್ಲ, ನೆನಪಿಲ್ಲವಾ?

ಆದರೂ ನೀನು ಹೊಡೆದದ್ದು ಸರಿ. ಅಷ್ಟು ಕಂಡೂ ನೀನು ಹೊಡೆಯದೆ ಯಾರು ಏನು ಎಂದು ವಿಚಾರಿಸುತ್ತ ನಿಂತಿದ್ದರೆ, ಅದು ಬೇರೆ ಯಾರಾದರೂ ಆಗಿದ್ದರೆ ಮಗುವಿನ ಗತಿ ಏನು? ಲೀಲಾಧರನ ಮನವಿಗೆ ಸಹಿ ಹಾಕಬೇಡ. ಅದರಿಂದ ಸಾಯಬೇಕಿದ್ದವನು ನಾನು, ನನ್ನ ಅಭಿಪ್ರಾಯಕ್ಕೆ ಸ್ವಲ್ಪ ಬೆಲೆ ಉಂಟು. ಸುಗುಣಾ ಕೇಳಿದ್ದನ್ನು ವಕೀಲರ ಹತ್ತಿರ ಬರೆಸು. ಅವಳ ಗಂಡ ಹಾಗೆ ಎಂದು ನನಗೆ ಆಗಲೂ ಗೊತ್ತಿತ್ತು, ನಮಗೆ ಯಾಕೆ ಎಂದು ಸುಮ್ಮನಿದ್ದೆ.

ಭುಜದ ಏಟನ್ನು ಮೀಟಿಂಗಿನಲ್ಲಿ ಹೇಳುವ ಅಗತ್ಯವಿಲ್ಲ. ಅದು ನಮ್ಮಿಬ್ಬರ ವ್ಯವಹಾರ. ಹೇಳಿಯೇ ತೀರುತ್ತೇನೆ ಎಂದು ನಿನಗೆ ಅನ್ನಿಸಿದರೆ ಹೇಳು, ನಿನ್ನನ್ನು ತಡೆದು ನನಗೆ ಅಭ್ಯಾಸವಿಲ್ಲ. ಭಾನುವಾರ ಬರುತ್ತೇನೆ. ಮಸ್ಕತ್ ವಿಷಯ ನಾನೇ ಹೇಳುತ್ತೇನೆ, ಸುಳ್ಳು ನನ್ನದು.

ಇದರ ಜೊತೆ ಒಂದು ಪೊಟ್ಟಣ ಉಂಟು. ಒಳಗೆ ಲುಂಗಿ. ಬಿ ವಿಂಗಿನ ಟೆರೇಸಿನಲ್ಲಿ ಒಣಗುತ್ತಿತ್ತು, ಉಟ್ಟುಕೊಂಡು ಬಂದೆ, ಇಲ್ಲದಿದ್ದರೆ ಸ್ಟೇಷನ್ ತನಕ ಹೇಗೆ ಹೋಗಲಿ? ಅಗಲ ನೋಡಿದರೆ ಲೀಲಾಧರನದೇ ಇರಬೇಕು. ತೊಳೆದು ಇಸ್ತ್ರಿ ಮಾಡಿಸಿದ್ದೇನೆ. ಆ ಬಿಲ್ಡಿಂಗಿನಲ್ಲಿ ನಾನು ನಿಜವಾಗಿ ಕದ್ದದ್ದು ಅದೊಂದೇ.

ಹಯಗ್ರೀವ

ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ: ನಿನ್ನೆ ಬೆಳಿಗ್ಗೆ ಡೊಂಬಿವಲಿಗೆ ಬಂದಿದ್ದೆ. ಭಾನುವಾರದವರೆಗೆ ಗಾಯಕವಾಡ ಯಾಕೆ ಗೋಡೆ ನೋಡಿಕೊಂಡು ಮಲಗಬೇಕು ಎನ್ನಿಸಿತು. ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ, ನೀವು ಹುಡುಕುತ್ತಿರುವವನು ನಾನೇ ಅಂದೆ. ಜನಿವಾರಕ್ಕೆ ಕಟ್ಟಿಕೊಂಡಿದ್ದ ಕೀಲಿ ತೋರಿಸಿದೆ, ಬ್ಯಾಂಡೇಜು ತೋರಿಸಿದೆ. ಆ ಫೋಟೋದ ಹೆಜ್ಜೆಗೆ ಸರಿಹೋಗುತ್ತದಾ ಎಂದು ಚಪ್ಪಲಿ ಬಿಡಿಸಿ ಕಾಲೂ ನೋಡಿದರು. ಹೊಡೆದವರ ಮೇಲೆ ದೂರು ಕೊಡುತ್ತೀರಾ ಎಂದು ಕೇಳಿದರು. ಅವಳು ಹೊಡೆದದ್ದು ಮಗುವಿನ ಮೇಲೆ ಬಗ್ಗಿದ ಗುರುತಿಲ್ಲದ ಮನುಷ್ಯನಿಗೆ, ಆರು ವರ್ಷ ಮುಖ ತೋರಿಸದೆ ಗುರುತಿಲ್ಲದವನಾದದ್ದು ನಾನು ಅಂದೆ. "ಸ್ವತಃಚ್ಯಾ ಘರಾತ್ ಕುಣೀ ಚೋರೀ ಕರ್ತಂ ಕಾ, ಕಾಕಾ?" ಸ್ವಂತ ಮನೆಯಲ್ಲಿ ಯಾರಾದರೂ ಕದಿಯುತ್ತಾರಾ ಎಂದು ಸಾಹೇಬರು ನಕ್ಕು, ಗಾಯಕವಾಡನನ್ನು ಇನ್ನು ಕರೆಸುವುದಿಲ್ಲ ಎಂದರು. ಆಮೇಲೆ ಹೇಳಿಕೆ ಬರೆದುಕೊಳ್ಳುವವನು ಹೆಸರು ಕೇಳಿದ, ವಯಸ್ಸು ಕೇಳಿದ, ವಿಳಾಸ ಕೇಳಿದ. ಕೋಪರಖೈರಣೆಯದು ಹೇಳಬೇಕೆಂದೇ ಬಾಯಿ ತೆರೆದೆ ಪ್ರಭಾ, ಬಂದದ್ದು ನಮ್ಮ ಮನೆಯದು. ಅವನು ಬರೆದುಕೊಂಡ. ನಾನು ತಿದ್ದಿಸಲಿಲ್ಲ.